ಗವರ್ನರ್ ಸಾಹೇಬರ ಮೇಲೆ ಸುಳ್ಳು ದೂರು

ಹಳೆಯ ಕ್ರಾಲರ್ ಟ್ರ್ಯಾಕ್ಟರೊಂದು ನಿಂತಲ್ಲೇ ಗುಂಯ್ ಎಂದು ಏರಿ, ಗುರ್ ಎಂದು ಇಳಿದು, ಮತ್ತೆ ಗುಂಯ್ ಎನ್ನತೊಡಗಿದರೆ ಸುತ್ತ ನಿಂತವರಲ್ಲಿ ಒಬ್ಬರಾದರೂ ‘ಗವರ್ನರ್ ಹೋಗಿದೆ’ ಎಂದು ತೀರ್ಪು ಕೊಟ್ಟೇ ಕೊಡುತ್ತಾರೆ. ಹಾಗೆನ್ನಲು ಎಂಜಿನಿಯರಿಂಗ್ ಓದಿರಬೇಕಿಲ್ಲ. ಸೊಂಟದ ಮೇಲೆ ಕೈಯಿಟ್ಟು ನಿಲ್ಲಲು ಬಂದರೆ ಸಾಕು. ಹಾಲು ಒಡೆದರೆ ಹಾಲಿನವನನ್ನು, ಮಗು ರಚ್ಚೆ ಹಿಡಿದರೆ ಕೆಟ್ಟ ದೃಷ್ಟಿಯನ್ನು, ಕೂಡಿಬಂದ ಸಂಬಂಧ ಮುರಿದರೆ ದಲ್ಲಾಳಿಯನ್ನು ಹಿಡಿದುಕೊಳ್ಳುವ ಹಾಗೆ, ಎಂಜಿನ್ ಏರಿಳಿದರೆ ಗವರ್ನರನ್ನು ಹಿಡಿದುಕೊಳ್ಳುವುದು ರೂಢಿ. ನನ್ನ ವಾದವೇನೆಂದರೆ, ಈ ದೂರುಗಳಲ್ಲಿ ಬಹುಪಾಲು ಸುಳ್ಳು. ಗವರ್ನರ್ ರಿಪೇರಿ ಎಂಬ ಕೆಲಸದ ಮುಕ್ಕಾಲು ಭಾಗ ಗವರ್ನರಿನ ಹೊರಗೇ ಮುಗಿಯಬೇಕು. ಉಳಿದ ಕಾಲು ಭಾಗಕ್ಕೆ ಅದನ್ನು ಬಿಚ್ಚಲೇಬೇಕಾಗಿ ಬಂದರೂ, ಸವೆದದ್ದನ್ನು ಬದಲಿಸಿ, ಅದಕ್ಕೆ ಹುಟ್ಟಿನಿಂದ ಬಂದ ಚೂರು ಸೋಮಾರಿತನವನ್ನು ಮುಟ್ಟದೆ ಹಾಗೇ ಮುಚ್ಚಬೇಕು. ಈ ಮಾತನ್ನು ಗಾಳಿಯಲ್ಲಿ ಆಡಿದರೆ ಯಾರೂ ಒಪ್ಪುವುದಿಲ್ಲವಾದ್ದರಿಂದ ಒಂದು ಯಂತ್ರವನ್ನೇ ಕಟಕಟೆಗೆ ತರುತ್ತೇನೆ: ಅಮೆರಿಕದ ಕ್ಯಾಟರ್‌ಪಿಲ್ಲರ್ ಕಂಪನಿ 1938ರಿಂದ 1957ರವರೆಗೆ ಮಾಡಿದ ಡಿ2, ಆ ಕಾಲದಲ್ಲಿ ಕಂಪನಿಯ ಡೀಸೆಲ್ ಸಂತಾನದಲ್ಲಿ ಎಲ್ಲಕ್ಕಿಂತ ಚಿಕ್ಕದು. ಚಿಕ್ಕದೆಂದರೆ ಮೂರು ಟನ್ ಚಿಲ್ಲರೆ.

ಕ್ಯಾಟರ್‌ಪಿಲ್ಲರ್ ಎಂದರೆ ಕಂಬಳಿಹುಳು. ಕ್ಯಾಲಿಫೋರ್ನಿಯಾದ ಸ್ಟಾಕ್‌ಟನ್ನಿನ ಬಳಿಯ ಕೆಸರು ನೆಲದಲ್ಲಿ ಚಕ್ರದ ಟ್ರ್ಯಾಕ್ಟರುಗಳು ಹೂತುಹೋಗುತ್ತಿದ್ದಾಗ ಬೆಂಜಮಿನ್ ಹೋಲ್ಟ್ ಎಂಬಾತ 1904ರ ನವೆಂಬರಿನಲ್ಲಿ ಚಕ್ರದ ಜಾಗಕ್ಕೆ ಪಟ್ಟಿ ಹಾಕಿ ನೋಡಿದ. ಯಂತ್ರ ತೆವಳುವುದನ್ನು ಕಂಡವರಿಗೆ ಕಂಬಳಿಹುಳು ನೆನಪಾಯಿತು, ಹೆಸರು ಅಂಟಿತು. 1925ರಲ್ಲಿ ಹೋಲ್ಟ್ ಮತ್ತು ಬೆಸ್ಟ್ ಎಂಬ ಎರಡು ಕಂಪನಿಗಳು ಸೇರಿದಾಗ ಹುಳುವಿನ ಹೆಸರೇ ಮನೆತನದ ಹೆಸರೂ ಆಯಿತು. ಕಂಬಳಿಹುಳುವಿಗೆ ಕಾಲುಗಳು ಬೇಕಾದಷ್ಟಿವೆ, ಅದನ್ನು ನಡೆಸುವವನಿಗೆ ಮಾತ್ರ ಎರಡು ಕೈ, ಎರಡು ಕಾಲು. ಈ ಲೆಕ್ಕ ಮುಂದೆ ಬೇಕಾಗುತ್ತದೆ.

ಗವರ್ನರ್ ಎಂದೊಡನೆ ನಮ್ಮ ಓದುಗರಿಗೆ ರಾಜಭವನ, ಬಿಳಿ ಕಾರು, ಪ್ರಮಾಣವಚನ ನೆನಪಾಗುವುದು ಸಹಜ. ಪದ ನೋಡಿದರೆ ಅದಕ್ಕಿಂತ ಬಡವರ ಮನೆಯದು. ಗ್ರೀಕರಲ್ಲಿ ಚುಕ್ಕಾಣಿ ಹಿಡಿಯುವವನಿಗಿದ್ದ ಹೆಸರು ಲ್ಯಾಟಿನ್ನಿಗೆ ಬಂದು, ಅಲ್ಲಿಂದ ಇಂಗ್ಲಿಷಿನಲ್ಲಿ ಗವರ್ನರ್ ಆಯಿತು. ಅದೇ ಗ್ರೀಕ್ ಪದದಿಂದ ನಾರ್ಬರ್ಟ್ ವೀನರ್ 1948ರಲ್ಲಿ ಸೈಬರ್‌ನೆಟಿಕ್ಸ್ ಎಂಬ ಹೊಸ ಶಾಸ್ತ್ರಕ್ಕೆ ನಾಮಕರಣ ಮಾಡಿದ. ಹಾಗಾಗಿ ಕನ್ನಡದಲ್ಲಿ ಇದನ್ನು ರಾಜ್ಯಪಾಲ ಎನ್ನುವ ಬದಲು ಅಂಬಿಗ ಎಂದಿದ್ದರೆ ಅರ್ಥಕ್ಕೆ ಹತ್ತಿರವಾಗುತ್ತಿತ್ತು. ಜೇಮ್ಸ್ ವಾಟ್ 1788ರ ಸುಮಾರಿಗೆ ಇದನ್ನು ಉಗಿಯಂತ್ರಕ್ಕೆ ಜೋಡಿಸಿದ, ಕಂಡುಹಿಡಿದವನು ಅವನಲ್ಲ. ಗಾಳಿಯ ಗಿರಣಿಗಳಲ್ಲಿ ಬೀಸುಕಲ್ಲುಗಳ ನಡುವಿನ ಸಂದನ್ನು ಹದವಾಗಿಡಲು ಮೊದಲಿನಿಂದಲೂ ಇದ್ದ ಉಪಾಯವನ್ನು ಅವನ ಪಾಲುದಾರ ಬೋಲ್ಟನ್ ಲಂಡನ್ನಿನ ಆಲ್ಬಿಯನ್ ಗಿರಣಿಯಲ್ಲಿ ನೋಡಿ ಬಂದು ಬರೆದು ತಿಳಿಸಿದ್ದ. ಒಟ್ಟಿನಲ್ಲಿ ಗವರ್ನರ್ ಹುಟ್ಟಿ ಬೆಳೆದದ್ದು ಹಿಟ್ಟಿನ ಧೂಳಿನಲ್ಲಿ.

ಒಳಗಿರುವುದು ಬಹಳ ಸರಳ. ಎಂಜಿನ್ನಿನ ಜೊತೆಗೇ ತಿರುಗುವ ಒಂದು ಜೊತೆ ತೂಕದ ತುಂಡುಗಳು. ವೇಗ ಹೆಚ್ಚಿದಂತೆ ಅವು ರಂಗುರಾಟೆಯಲ್ಲಿ ಕೂತ ಮಕ್ಕಳ ಹಾಗೆ ಹೊರಕ್ಕೆ ಹೋಗುತ್ತವೆ. ಹೊರಕ್ಕೆ ಹೋಗುವಾಗ ತಮ್ಮ ಪಾದದಿಂದ ಒಂದು ಬೇರಿಂಗನ್ನು ಒತ್ತುತ್ತವೆ, ಅದು ಇಂಧನ ಕಡಿಮೆ ಮಾಡುವ ಕಡೆಗೆ ತಳ್ಳುತ್ತದೆ. ಎದುರಿಗೆ ಒಂದು ಸ್ಪ್ರಿಂಗ್, ಇಂಧನ ಹೆಚ್ಚು ಮಾಡುವ ಕಡೆಗೆ ತಳ್ಳುತ್ತದೆ. ಇವೆರಡರ ಹಗ್ಗಜಗ್ಗಾಟ ಎಲ್ಲಿ ನಿಲ್ಲುತ್ತದೋ ಅದೇ ಎಂಜಿನ್ನಿನ ವೇಗ. ಸೌದೆ ಒಲೆಯ ಮುಂದೆ ಕೂತು, ಹಾಲು ಉಕ್ಕಿ ಬಂದರೆ ಕೊಳ್ಳಿ ಹಿಂದಕ್ಕೆಳೆದು, ಉರಿ ನಂದುವಂತಾದರೆ ಊದುಕೊಳವೆ ಹಿಡಿಯುವ ಅಜ್ಜಿಯನ್ನು ಬಲ್ಲವರಿಗೆ ಇದಕ್ಕಿಂತ ಹೆಚ್ಚು ವಿವರಣೆ ಬೇಡ. ಇಲ್ಲಿ ಬಹಳ ಜನ ಎಡವುವ ಒಂದು ಸಂಗತಿ ಇದೆ. ಡ್ರೈವರ್ ಎಳೆಯುವ ಲಿವರ್ ಇಂಧನ ಕೊಡುವುದಿಲ್ಲ. ಅದು ಸ್ಪ್ರಿಂಗನ್ನು ಬಿಗಿ ಮಾಡಿ ‘ನನಗೆ ಇಷ್ಟು ವೇಗ ಬೇಕು’ ಎಂದು ಅರ್ಜಿ ಹಾಕುತ್ತದೆ, ಅಷ್ಟೇ. ಎಷ್ಟು ಡೀಸೆಲ್ ಸುರಿಯಬೇಕೆಂಬುದು ಗವರ್ನರಿನ ಅಧಿಕಾರ. ಇದರಿಂದ ಒಂದು ತಮಾಷೆಯ ಪರಿಣಾಮವೂ ಉಂಟು. ಎಂಜಿನ್ ನಿಂತಿರುವಾಗ ಲಿವರನ್ನು ‘ಓಡು’ ಎಂಬ ಕಡೆಗಿಟ್ಟರೆ ತೂಕಗಳು ಮುದುಡಿಕೊಂಡಿರುತ್ತವೆ, ಸ್ಪ್ರಿಂಗಿಗೆ ಎದುರಾಳಿಯೇ ಇಲ್ಲ, ಹಾಗಾಗಿ ಇಂಧನದ ಬಾಗಿಲು ಪೂರ್ತಿ ತೆರೆದಿರುತ್ತದೆ. ಸತ್ತಂತೆ ನಿಂತ ಯಂತ್ರವೇ ಎಲ್ಲಕ್ಕಿಂತ ಹೆಚ್ಚು ಹಸಿದಿರುವ ಯಂತ್ರ.

ಮೊದಲ ಆಕ್ಷೇಪ ಇಲ್ಲೇ ಏಳುತ್ತದೆ. ಇಷ್ಟೊಂದು ರಗಳೆ ಯಾಕೆ, ಗವರ್ನರನ್ನು ಕಿತ್ತೆಸೆದು ಲಿವರಿಗೂ ಪಂಪಿಗೂ ನೇರವಾಗಿ ಒಂದು ಕಂಬಿ ಕಟ್ಟಿದರೆ ಸಾಲದೇ, ಕಾರು ಓಡಿಸುವವರು ಕಾಲಲ್ಲೇ ವೇಗ ಹಿಡಿಯುವುದಿಲ್ಲವೇ ಎಂದು. ಇದಕ್ಕೆ ಉತ್ತರ ಆಗ ಹೇಳಿದ ಕೈಕಾಲಿನ ಲೆಕ್ಕದಲ್ಲಿದೆ. ಡಿ2ಗೆ ಸ್ಟಿಯರಿಂಗ್ ಚಕ್ರವಿಲ್ಲ. ಎಡಕ್ಕೆ ತಿರುಗಬೇಕೆಂದರೆ ಎಡ ಪಟ್ಟಿಯ ಕ್ಲಚ್ಚನ್ನು ಕೈಯಿಂದ ಎಳೆದು ಬಿಡಿಸಿ, ಅದೇ ಕಡೆಯ ಬ್ರೇಕನ್ನು ಕಾಲಿನಿಂದ ಒತ್ತಬೇಕು. ಬಲಕ್ಕೆಂದರೆ ಬಲಗೈ, ಬಲಗಾಲು. ಇದರ ಮೇಲೆ ಮುಖ್ಯ ಕ್ಲಚ್ಚಿಗೆ ಕೈ ಬೇಕು, ಗೇರಿಗೆ ಕೈ ಬೇಕು, ಮುಂದೆ ಮಣ್ಣು ತಳ್ಳುವ ಬ್ಲೇಡ್ ಇದ್ದರೆ ಅದಕ್ಕೂ ಕೈ ಬೇಕು. ಹಾರ್ಮೋನಿಯಂ ನುಡಿಸುತ್ತಾ ತಬಲಾ ಬಾರಿಸುವವನ ಸ್ಥಿತಿ. ಬ್ಲೇಡು ಬಂಡೆಗೆ ತಾಗಿದ ಕ್ಷಣ ಎಂಜಿನ್ ನರಳುತ್ತದೆ, ಬಂಡೆ ಕಿತ್ತು ಬಂದ ಮರುಕ್ಷಣ ಹೊರೆ ಇಳಿದು ಓಟ ಕೀಳುತ್ತದೆ. ಆ ಕ್ಷಣದಲ್ಲಿ ಇಂಧನ ಹೆಚ್ಚು ಕಡಿಮೆ ಮಾಡಲು ಡ್ರೈವರಿಗೆ ಐದನೆಯ ಅಂಗವೊಂದು ಬೇಕು. ಗವರ್ನರ್ ಆ ಐದನೆಯ ಅಂಗ, ಅದೂ ಸಂಬಳ ಕೇಳದ್ದು.

ಕೈ ಬಿಡುವಾಗಿದ್ದರೂ ಡೀಸೆಲ್ ಎಂಜಿನ್ನಿನಲ್ಲಿ ಈ ಆಟ ನಡೆಯುವುದಿಲ್ಲ. ಪೆಟ್ರೋಲ್ ಎಂಜಿನ್ನಿನಲ್ಲಿ ಗಾಳಿಯ ದಾರಿಗೇ ಒಂದು ಕದ ಇರುತ್ತದೆ, ಎಂಜಿನ್ ಎಷ್ಟೇ ಹಾರಾಡಿದರೂ ಆ ಕದ ಒಂದು ಮಿತಿ ಹಾಕುತ್ತದೆ. ಡೀಸೆಲ್ಲಿಗೆ ಗಾಳಿ ಬೇಕಾದಷ್ಟು ಸಿಗುತ್ತಲೇ ಇರುತ್ತದೆ. ಹೊರೆಯಿಲ್ಲದೆ ಓಡುವಾಗ ಚೂರು ಇಂಧನ ಹೆಚ್ಚಾದರೂ ವೇಗ ಏರುತ್ತಾ ಹೋಗುತ್ತದೆ. 1,500 ಸುತ್ತಿಗೆಂದು ಕಟ್ಟಿದ ಎಂಜಿನ್ 3,000ಕ್ಕೆ ಹೋದರೆ ಅದರ ಪಿಸ್ಟನ್ನು ಕನೆಕ್ಟಿಂಗ್ ರಾಡುಗಳ ಮೇಲೆ ಬೀಳುವ ಎಳೆತ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ವೇಗದ ವರ್ಗಕ್ಕೆ ತಕ್ಕಂತೆ ಬಲ ಏರುವುದು ನಿಯಮ. ಆಮೇಲೆ ರಾಡು ಬ್ಲಾಕನ್ನು ಒಡೆದುಕೊಂಡು ಹೊರಜಗತ್ತು ನೋಡಲು ಬರುತ್ತದೆ. ಇದಕ್ಕೇ ಡಿ2 ಮಾಡಿದವರು ಎಚ್ಚರಿಕೆಯ ಮೇಲೆ ಎಚ್ಚರಿಕೆ ವಹಿಸಿದ್ದರು. ಆ ಡೀಸೆಲ್ಲನ್ನು ಎಬ್ಬಿಸಲು ಪಕ್ಕದಲ್ಲಿ ಎರಡು ಸಿಲಿಂಡರಿನ ಪುಟ್ಟ ಪೆಟ್ರೋಲ್ ಎಂಜಿನ್ ಇದೆ. ಮೊದಲು ಅದನ್ನು ಎಬ್ಬಿಸಬೇಕು, ಅದು ಅಣ್ಣನನ್ನು ಎಬ್ಬಿಸುತ್ತದೆ; ಆ ತಮ್ಮನಿಗೂ ತನ್ನದೇ ಒಂದು ಗವರ್ನರ್ ಇದೆ.

ಹಾಗಿದ್ದರೆ ಎಂಜಿನ್ ಏರಿಳಿಯುವುದು ಯಾಕೆ? ಮೆಕ್ಯಾನಿಕ್ಕುಗಳು ಇದನ್ನು ಹಂಟಿಂಗ್ ಎನ್ನುತ್ತಾರೆ; ಎಂಜಿನ್ ತನ್ನ ವೇಗವನ್ನು ಬೇಟೆಯಾಡುತ್ತಾ ಅಲೆಯುತ್ತದೆ, ಸಿಕ್ಕುವುದಿಲ್ಲ. ಇದನ್ನು ತಿಳಿಯಲು ಸಾರಿನ ಪಾತ್ರೆ ಸಾಕು. ಕಲ್ಲುಪ್ಪು ಹಾಕಿ ಒಂದು ಕುದಿ ಬರುವ ಮೊದಲೇ ರುಚಿ ನೋಡಿ ‘ಸಪ್ಪೆ’ ಎಂದು ಇನ್ನೊಂದು ಹಿಡಿ ಹಾಕುವವರ ಮನೆಯಲ್ಲಿ ಏನಾಗುತ್ತದೆ? ಮೊದಲಿನದೂ ಕರಗಿ ಎರಡನೆಯದೂ ಕರಗಿ ಬಾಯಿಗಿಡಲಾಗದಷ್ಟು ಉಪ್ಪಾಗುತ್ತದೆ. ಆಗ ನೀರು ಸುರಿಯುತ್ತಾರೆ, ಮತ್ತೆ ಸಪ್ಪೆ, ಮತ್ತೆ ಉಪ್ಪು. ಕೊನೆಗೆ ನಾಲ್ಕು ಜನರ ಸಾರು ಹದಿನಾರು ಜನರದ್ದಾಗುತ್ತದೆ. ಇಲ್ಲಿ ನಾಲಿಗೆಯದು ತಪ್ಪಿಲ್ಲ, ಉಪ್ಪಿನದೂ ತಪ್ಪಿಲ್ಲ, ತಪ್ಪು ಇರುವುದು ಇವೆರಡರ ನಡುವಿನ ವಿಳಂಬದಲ್ಲಿ. ಎಂಜಿನ್ನಿನಲ್ಲೂ ಅಷ್ಟೇ. ತೂಕಗಳು ವೇಗವನ್ನು ಸರಿಯಾಗಿಯೇ ಅಳೆಯುತ್ತವೆ. ಆದರೆ ಅವುಗಳ ಮಾತು ಪಂಪಿಗೆ ಮುಟ್ಟುವ ಹೊತ್ತಿಗೆ ತಡವಾಗಿದ್ದರೆ, ಎಂಜಿನ್ ಆಗಲೇ ಮಿತಿ ದಾಟಿರುತ್ತದೆ. ಹಿಂದಕ್ಕೆಳೆಯುವ ಮಾತು ಮುಟ್ಟುವ ಹೊತ್ತಿಗೆ ಮಿತಿಗಿಂತ ಕೆಳಗೆ ಬಿದ್ದಿರುತ್ತದೆ.

ವಿಳಂಬಕ್ಕೆ ಕಾರಣ ಎರಡು, ಸಡಿಲ ಮತ್ತು ಬಿಗಿ. ಇವು ಒಂದಕ್ಕೊಂದು ವಿರುದ್ಧವಾದರೂ ಮುದಿ ಯಂತ್ರದಲ್ಲಿ ಎರಡೂ ಒಂದೇ ಸೂರಿನಡಿ ಸುಖವಾಗಿರುತ್ತವೆ. ಸಡಿಲವನ್ನು ವರ್ಕ್‌ಶಾಪಿನಲ್ಲಿ ಪ್ಲೇ ಎನ್ನುತ್ತಾರೆ. ದುಂಡಗಿದ್ದ ತೂತು ಎಪ್ಪತ್ತು ವರ್ಷ ಪಿನ್ನಿನ ಒದೆತ ತಿಂದು ಮೊಟ್ಟೆಯಾಕಾರಕ್ಕೆ ಬಂದಿರುತ್ತದೆ, ಪಿನ್ನು ಸೊಂಟದಲ್ಲಿ ಸವೆದಿರುತ್ತದೆ. ಒಂದೊಂದು ಕೀಲಿನಲ್ಲಿ ಅರ್ಧ ಮಿಲಿಮೀಟರ್ ಎಂದುಕೊಳ್ಳಿ. ಅರ್ಧ ಮಿಲಿಮೀಟರಿಗೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ? ಆದರೆ ಐದು ಕೀಲು ದಾಟುವ ಹೊತ್ತಿಗೆ ಎರಡೂವರೆ ಮಿಲಿಮೀಟರಿನಷ್ಟು ಚಲನೆ ದಾರಿಯಲ್ಲೇ ಖರ್ಚಾಗಿರುತ್ತದೆ. ತಾಲ್ಲೂಕು ಕಚೇರಿಯಲ್ಲಿ ಐದು ಮೇಜು ದಾಟುವ ಅರ್ಜಿಯನ್ನು ಬಲ್ಲ ಕನ್ನಡಿಗರಿಗೆ ಈ ಗಣಿತ ಹೊಸದಲ್ಲ.

ಬಿಗಿ ಇದಕ್ಕಿಂತ ಅಪಾಯಕಾರಿ, ಅದನ್ನು ಹತ್ತಿರದಿಂದಲೇ ನೋಡಬೇಕು. ಡಿ2ಗೆ ನಾಲ್ಕು ಸಿಲಿಂಡರ್, ಸಿಲಿಂಡರಿಗೊಂದರಂತೆ ನಾಲ್ಕು ಪುಟ್ಟ ಇಂಧನ ಪಂಪು. ಪ್ರತಿ ಪಂಪಿನೊಳಗೆ ಒಂದು ಪ್ಲಂಜರ್, ಕಿರುಬೆರಳಿಗಿಂತ ಸಣ್ಣದು, ತನ್ನ ಗೂಡಿನಲ್ಲಿ ಕೂದಲು ತೂರದಷ್ಟು ನಿಖರವಾಗಿ ಕೂತಿರುತ್ತದೆ. ಪ್ಲಂಜರ್ ಮೇಲೆ ಕೆಳಗೆ ಆಡುವುದರ ಜೊತೆಗೆ ತುಸು ತಿರುಗಿದರೆ ಇಂಧನದ ಅಳತೆ ಹೆಚ್ಚು ಕಡಿಮೆ ಆಗುತ್ತದೆ. ನಾಲ್ಕನ್ನೂ ಒಟ್ಟಿಗೆ ತಿರುಗಿಸುವುದು ಉದ್ದಕ್ಕೆ ಮಲಗಿರುವ ಒಂದು ಹಲ್ಲಿನ ಪಟ್ಟಿ, ಅದೇ ರ‍್ಯಾಕ್. ಗವರ್ನರ್ ಮಾಡುವ ಕೆಲಸವೆಲ್ಲ ಈ ರ‍್ಯಾಕನ್ನು ಹಿಂದೆ ಮುಂದೆ ಸರಿಸುವುದು. ಯಂತ್ರವನ್ನು ಕೊಟ್ಟಿಗೆಯಲ್ಲಿ ಹತ್ತು ವರ್ಷ ನಿಲ್ಲಿಸಿದರೆ ಒಳಗಿನ ಡೀಸೆಲ್ ಆರಿ, ಹಳೆ ಬಾಗಿಲಿನ ವಾರ್ನಿಷಿನಂತೆ ಕಂದು ಅಂಟಾಗುತ್ತದೆ. ನಾಲ್ವರಲ್ಲಿ ಒಬ್ಬ ಪ್ಲಂಜರ್ ಕಚ್ಚಿಕೊಂಡರೆ ಅವನ ಹಲ್ಲು ರ‍್ಯಾಕನ್ನು ಹಿಡಿಯುತ್ತದೆ, ರ‍್ಯಾಕ್ ಉಳಿದ ಮೂವರನ್ನು ಹಿಡಿಯುತ್ತದೆ. ಕೂಡು ಕುಟುಂಬದಲ್ಲಿ ಒಬ್ಬ ಸಹಿ ಹಾಕದೆ ಆಸ್ತಿಯೆಲ್ಲ ನಿಲ್ಲುವ ಹಾಗೆ. ಆಗ ಗವರ್ನರಿನ ತೂಕಗಳು ಎಷ್ಟು ಹಾರಾಡಿದರೂ ಪ್ರಯೋಜನವಿಲ್ಲ. ಅರೆಬರೆ ಅಂಟಿಕೊಂಡಿದ್ದರೆ ಹಂಟಿಂಗ್. ಇಂಧನ ನಿಂತ ಜಾಗದಲ್ಲಿ ಪೂರ್ತಿ ಅಂಟಿದ್ದರೆ ಎಂಜಿನ್ ಏಳುವುದೇ ಇಲ್ಲ. ಪೂರ್ತಿ ತೆರೆದ ಜಾಗದಲ್ಲಿ ಅಂಟಿದರೆ ಎದ್ದದ್ದು ಕೂರುವುದಿಲ್ಲ. ಮೂರಕ್ಕೂ ಹೊರಗೆ ನಿಂತವರ ತೀರ್ಪು ಒಂದೇ, ‘ಗವರ್ನರ್ ಹೋಗಿದೆ’.

ತೂಕಗಳ ಬಲವೂ ವೇಗದ ವರ್ಗಕ್ಕೆ ತಕ್ಕಂತೆಯೇ ಏರಿಳಿಯುತ್ತದೆ ಎಂಬುದು ನನ್ನ ಪಕ್ಷದ ಇನ್ನೊಂದು ಸಾಕ್ಷಿ. ವೇಗ ಅರ್ಧಕ್ಕಿಳಿದರೆ ತಳ್ಳುವ ಬಲ ಕಾಲು ಭಾಗ ಮಾತ್ರ. ಪೂರ್ತಿ ವೇಗದಲ್ಲಿ ತುಕ್ಕು, ಅಂಟು, ಕಸ ಎಲ್ಲವನ್ನೂ ದಬ್ಬಿಕೊಂಡು ಹೋಗುವ ತೂಕಗಳು ನಿಧಾನ ಓಟದಲ್ಲಿ ಅದೇ ಅಂಟಿನೆದುರು ಏದುಸಿರು ಬಿಡುತ್ತವೆ. ಹಳೆಯ ಯಂತ್ರ ಐಡ್ಲಿಂಗಿನಲ್ಲಿ ಏರಿಳಿದು, ವೇಗ ಕೊಟ್ಟಾಗ ಸುಧಾರಿಸಿಕೊಳ್ಳುತ್ತಿದ್ದರೆ ಮೊದಲ ಅನುಮಾನ ದಾರಿಯಲ್ಲಿರುವ ಘರ್ಷಣೆಯ ಮೇಲೆ ಬೀಳಬೇಕು, ತೂಕಗಳ ಮೇಲಲ್ಲ. ಇದನ್ನು ಪರೀಕ್ಷಿಸಲು ಕಾಸು ಖರ್ಚಿಲ್ಲ. ಎಂಜಿನ್ ಓಡುತ್ತಿರುವಾಗ ರ‍್ಯಾಕಿನ ಕೀಲನ್ನು ಕೈಯಲ್ಲಿ ಅಲುಗದಂತೆ ಹಿಡಿದು, ಇನ್ನೊಬ್ಬರನ್ನು ನಿಲ್ಲಿಸುವ ಲಿವರಿನ ಹತ್ತಿರ ನಿಲ್ಲಿಸಿಕೊಂಡು ಒಂದೆರಡು ನಿಮಿಷ ಕಿವಿಗೊಡಬೇಕು. ಏರಿಳಿತ ನಿಂತರೆ ದೋಷ ಗವರ್ನರಿನಲ್ಲೋ ಅದರ ಕೀಲುಗಳಲ್ಲೋ ಇದೆ. ಕೈ ಹಿಡಿದಾಗಲೂ ಏರಿಳಿಯುತ್ತಲೇ ಇದ್ದರೆ ಇಂಧನದ ಕೊಳವೆಯಲ್ಲಿ ಗಾಳಿ ಸೇರಿದೆ, ಇಲ್ಲವೇ ಫಿಲ್ಟರ್ ಕಟ್ಟಿದೆ. ಗವರ್ನರ್ ಸಾಹೇಬರು ಗೌರವಪೂರ್ವಕ ಖುಲಾಸೆ.

ಅಂದ ಮಾತ್ರಕ್ಕೆ ಗವರ್ನರ್ ಎಂದೂ ಕೆಡುವುದಿಲ್ಲವೇ ಎಂದು ಯಾರಾದರೂ ಕೇಳಿದರೆ, ಕೆಡುತ್ತದೆ ಎಂದೇ ಹೇಳಬೇಕು. ತೂಕಗಳ ಪಾದ ಬೇರಿಂಗಿಗೆ ಉಜ್ಜಿ ಉಜ್ಜಿ ಚಪ್ಪಟೆಯಾಗುತ್ತದೆ, ತೂಕ ತೂಗುವ ಪಿನ್ನು ಸವೆಯುತ್ತದೆ, ಬೇರಿಂಗಿನ ಗುಂಡುಗಳು ಒಣಗಿ ಗರಗರ ಅನ್ನುತ್ತವೆ. ಹೊರಗಿನದೆಲ್ಲ ಸರಿಯಿದೆ ಎಂದು ಖಾತ್ರಿಯಾದ ಮೇಲೆ ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಬೇರಿಂಗ್ ಬದಲಿಸಿ, ಲೇತಿನಲ್ಲಿ ಹೊಸ ಬುಷ್ ಕಡೆಸಿ ಹಾಕಿದರೆ ಮುಗಿಯಿತು. ಇದು ಬಡಗಿಯ ಮನಸ್ಸಿನವರ ಕೆಲಸ, ಇದರಲ್ಲಿ ಚರ್ಚೆಗೆ ಹೆಚ್ಚೇನಿಲ್ಲ.

ಚರ್ಚೆ ಇರುವುದು ಸ್ಪ್ರಿಂಗಿನಲ್ಲಿ. ಗವರ್ನರ್ ಬಿಚ್ಚಿದವರಿಗೆಲ್ಲ ಸ್ಪ್ರಿಂಗನ್ನು ತುಸು ಎಳೆದು ಉದ್ದ ಮಾಡಿಯೋ, ಒಂದು ಸುತ್ತು ಕತ್ತರಿಸಿಯೋ ‘ಸುಧಾರಿಸುವ’ ಆಸೆ ಹುಟ್ಟುತ್ತದೆ. ಅವರ ಆಕ್ಷೇಪ ತರ್ಕಬದ್ಧವಾಗಿಯೇ ಕೇಳಿಸುತ್ತದೆ: ಹೊರೆ ಇಲ್ಲದಾಗ 1,500 ಸುತ್ತು ಓಡುವ ಎಂಜಿನ್ ಹೊರೆ ಬಿದ್ದಾಗ 1,400ಕ್ಕೆ ಇಳಿಯುತ್ತದೆ, ಗವರ್ನರ್ ಸರಿಯಿದ್ದರೆ ಇಳಿಯಲೇಬಾರದಲ್ಲವೇ? ಇಳಿಯಲೇಬೇಕು. ತೂಕ ಮತ್ತು ಸ್ಪ್ರಿಂಗಿನ ಗವರ್ನರಿಗೆ ವೇಗದ ಇಳಿತವೊಂದೇ ಸುದ್ದಿಮೂಲ. ವೇಗ ಸ್ವಲ್ಪ ಬಿದ್ದರೆ ತಾನೇ ತೂಕ ಒಳಕ್ಕೆ ಬಂದು ರ‍್ಯಾಕ್ ಮುಂದೆ ಹೋಗುವುದು? ಎಷ್ಟು ಬೀಳುತ್ತದೋ ಅಷ್ಟು ಹೆಚ್ಚು ಇಂಧನ. ಈ ಇಳಿತ ಬೇಡವೆಂದು ತೂಕಗಳಿಗೆ ತೀರಾ ಮೆತ್ತನೆಯ ಸ್ಪ್ರಿಂಗ್ ಜೋಡಿಸಿದರೆ ಗವರ್ನರ್ ಅತಿಸೂಕ್ಷ್ಮವಾಗಿ, ಸೊಸೆ ಲೋಟ ಕೆಳಗಿಟ್ಟ ಸದ್ದಿಗೂ ಎದ್ದು ಬರುವ ಅತ್ತೆಯಂತಾಗುತ್ತದೆ, ಹಂಟಿಂಗ್ ಶುರು. ಒಂದು ಸುತ್ತು ಕತ್ತರಿಸಿದರೆ ಉಳಿದ ಸ್ಪ್ರಿಂಗ್ ಇನ್ನೂ ಗಡುಸಾಗುತ್ತದೆ, ಇಳಿತ ಮೊದಲಿಗಿಂತ ಹೆಚ್ಚುತ್ತದೆ. ಕತ್ತರಿಸಿದವರ ಉದ್ದೇಶಕ್ಕೆ ನೇರ ವಿರುದ್ಧ. 1868ರಲ್ಲಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ‘ಆನ್ ಗವರ್ನರ್ಸ್’ ಎಂಬ ಲೇಖನ ಮಂಡಿಸಿ, ಯಾವ ಗವರ್ನರ್ ಸ್ಥಿರವಾಗಿರುತ್ತದೆ, ಯಾವುದು ಕುಣಿಯುತ್ತದೆ ಎಂಬುದನ್ನು ಸಮೀಕರಣದಲ್ಲಿ ತೋರಿಸಿಕೊಟ್ಟ. ತಪ್ಪನ್ನು ಕಡಿಮೆ ಮಾಡಿ ಚೂರು ಉಳಿಸಿಕೊಳ್ಳುವುದಕ್ಕೆ ಅವನು ಮಾಡರೇಟರ್ ಎಂದೂ, ತಪ್ಪನ್ನು ಪೂರ್ತಿ ಅಳಿಸುವುದಕ್ಕೆ ಗವರ್ನರ್ ಎಂದೂ ಹೆಸರಿಟ್ಟ. ಆ ಲೆಕ್ಕದಲ್ಲಿ ನಮ್ಮ ಡಿ2ರ ಗವರ್ನರ್ ಗವರ್ನರೇ ಅಲ್ಲ, ಬರೀ ಮಾಡರೇಟರ್. ಎಪ್ಪತ್ತು ವರ್ಷ ಸೇವೆ ಸಲ್ಲಿಸಿದ ಮೇಲೆ ಹುದ್ದೆಯ ಹೆಸರೇ ತಪ್ಪು ಎಂದು ತಿಳಿದರೆ ಯಾರಿಗಾದರೂ ಬೇಸರವಾಗುತ್ತದೆ, ಆದ್ದರಿಂದ ಇದನ್ನು ಅದರ ಕಿವಿಗೆ ಹಾಕುವುದು ಬೇಡ.

ಅದು ಹಳೆಯ ಕಾಲದ ದೌರ್ಬಲ್ಯ, ಈಗಿನ ಎಲೆಕ್ಟ್ರಾನಿಕ್ ಗವರ್ನರುಗಳು ಒಂದು ಸುತ್ತೂ ಇಳಿಯಗೊಡುವುದಿಲ್ಲ ಎನ್ನುವವರಿದ್ದಾರೆ. ಒಂಟಿ ಜನರೇಟರಿನ ಮಟ್ಟಿಗೆ ಆ ಮಾತು ನಿಜ. ಆದರೆ ಹತ್ತಾರು ಯಂತ್ರಗಳು ಒಂದೇ ಹೊರೆಯನ್ನು ಹಂಚಿಕೊಳ್ಳಬೇಕಾದ ಕಡೆ ಈ ಇಳಿತವನ್ನು ಕಾಸು ಕೊಟ್ಟು ಇಟ್ಟುಕೊಳ್ಳುತ್ತಾರೆ. ಶರಾವತಿಯ ಟರ್ಬೈನಿಗೂ ರಾಯಚೂರಿನ ಉಗಿಯಂತ್ರಕ್ಕೂ ಗವರ್ನರ್ ಇದೆ, ಎರಡೂ ಒಂದೇ 50 ಹರ್ಟ್ಸ್ ಜಾಲಕ್ಕೆ ಹೆಗಲು ಕೊಡಬೇಕು. ತನ್ನ ವೇಗವೇ ಸರಿ ಎಂದು ಎರಡೂ ಹಟ ಹಿಡಿದರೆ ಹೊರೆಯೆಲ್ಲ ಒಂದರ ಮೇಲೆ ಬೀಳುತ್ತದೆ. ಆದ್ದರಿಂದಲೇ ಭಾರತದ ವಿದ್ಯುತ್ ಜಾಲದ ಸಂಹಿತೆಯಲ್ಲಿ ಗವರ್ನರುಗಳಿಗೆ ಶೇಕಡಾ 3ರಿಂದ 6ರಷ್ಟು ಇಳಿತ ಇರತಕ್ಕದ್ದು ಎಂದು ನಿಯಮವನ್ನೇ ಮಾಡಿದ್ದಾರೆ. ನಮ್ಮ ಮನೆಯ ಮಿಕ್ಸಿ ತಿರುಗುತ್ತಿರುವುದು ಆ ಸೋಮಾರಿತನದ ಕೃಪೆಯಿಂದ.

ಕೊನೆಯ ಆಕ್ಷೇಪ ದುಡ್ಡಿನದು. ಅಷ್ಟು ಹಳೆಯದಕ್ಕೆ ಇಷ್ಟೊಂದು ಉಪಚಾರ ಯಾಕೆ, ಗುಜರಿಗೆ ಹಾಕಬಾರದೇ? ಗುಜರಿಗೆ ಹಾಕಲಿ, ಅದು ಮಾಲೀಕರ ಇಷ್ಟ. ಆದರೆ ಗವರ್ನರ್ ಕೆಟ್ಟಿತೆಂಬ ಕಾರಣ ಕೊಟ್ಟು ಹಾಕುವುದು ಬೇಡ. ಈ ಹುಳುಗಳ ಋಣ ನಮ್ಮ ಮೇಲೂ ಚೂರು ಇದೆ. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಅಮೆರಿಕದ ಸೈನ್ಯ ಬಿಟ್ಟುಹೋದ ಕ್ರಾಲರುಗಳನ್ನು ರಿಪೇರಿ ಮಾಡಿಕೊಂಡು ಕೇಂದ್ರ ಸರ್ಕಾರದ ಟ್ರ್ಯಾಕ್ಟರ್ ಸಂಸ್ಥೆ ಮಧ್ಯ ಭಾರತದ ಹೊಲಗಳಲ್ಲಿ ಬೇರುಬಿಟ್ಟಿದ್ದ ಕಾಂಸ್ ಹುಲ್ಲನ್ನು ಕೀಳಿಸಿತು. 1949ರಲ್ಲಿ ವಿಶ್ವ ಬ್ಯಾಂಕಿನಿಂದ ಒಂದು ಕೋಟಿ ಡಾಲರ್ ಸಾಲ ತಂದು ಇನ್ನಷ್ಟು ಕೊಂಡಿತು. ಕಾಳಿದಾಸ ಋತುಸಂಹಾರದಲ್ಲಿ ಶರದೃತುವಿಗೆ ಉಡಿಸಿದ ಕಾಶದ ಹೂವೂ ಇದೇ ಹುಲ್ಲಿನದು. ಕವಿ ಸೀರೆಯೆಂದದ್ದನ್ನು ಕೃಷಿ ಇಲಾಖೆ ಕಳೆಯೆಂದಿತು, ಹುಳು ಮೇಯ್ದಿತು. ಮುಂದೆ ನಮ್ಮ ಕೆಜಿಎಫ್‌ನಲ್ಲೇ ಬಿಇಎಂಎಲ್ ಬುಲ್ಡೋಜರುಗಳನ್ನು ಕಟ್ಟಿತು, ಅವಕ್ಕೂ ಗವರ್ನರ್ ಇಲ್ಲದೆ ನಡೆಯಲಿಲ್ಲ.

ಇನ್ನು ವಾಲೇಸನ ಮಾತೊಂದಿದೆ. ನಿಸರ್ಗದ ಆಯ್ಕೆಯ ಸಿದ್ಧಾಂತವನ್ನು ಡಾರ್ವಿನ್ನನ ಜೊತೆಗೇ ಕಂಡುಕೊಂಡ ಆಲ್‌ಫ್ರೆಡ್ ರಸೆಲ್ ವಾಲೇಸ್ 1858ರ ತನ್ನ ಪ್ರಬಂಧದಲ್ಲಿ ಅದನ್ನು ಉಗಿಯಂತ್ರದ ಗವರ್ನರಿಗೆ ಹೋಲಿಸಿದ್ದ: ಅಂಕುಡೊಂಕು ಕಣ್ಣಿಗೆ ಬೀಳುವ ಮೊದಲೇ ಅದನ್ನು ತಿದ್ದಿಬಿಡುತ್ತದೆ ಎಂದು. ಸರಿಯಾಗಿ ದುಡಿಯುವ ಗವರ್ನರ್ ಇದೆಯೆಂದೇ ಯಾರಿಗೂ ಗೊತ್ತಾಗುವುದಿಲ್ಲ; ಅದರ ಹೆಸರು ಬಾಯಿಗೆ ಬರುವುದು ದೂರು ಕೊಡುವಾಗ ಮಾತ್ರ. ಆದ್ದರಿಂದ ಹಳೆಯ ಡೀಸೆಲ್ ಕ್ರಾಲರ್ ಇಟ್ಟುಕೊಂಡವರಲ್ಲಿ ಒಂದು ವಿನಂತಿ. ಗವರ್ನರಿನ ತಿರುಪಿಗೆ ಸ್ಪ್ಯಾನರ್ ಹಚ್ಚುವ ಮೊದಲು ಪಂಪಿನ ಪಕ್ಕದ ಮುಚ್ಚಳ ಬಿಚ್ಚಿ, ರ‍್ಯಾಕನ್ನು ಒಂದೇ ಬೆರಳಿನಿಂದ ತಳ್ಳಿ ನೋಡಿ. ಬೆಣ್ಣೆಯಲ್ಲಿ ಸರಿದಂತೆ ಎರಡೂ ಕಡೆಗೆ ಸರಿಯಬೇಕು. ಸರಿಯದಿದ್ದರೆ ಎಂಜಿನ್ ಎಬ್ಬಿಸಲೇಬೇಡಿ, ಡೀಸೆಲ್ಲಿನಲ್ಲಿ ನೆನೆಹಾಕಿ ಒಂದೊಂದೇ ಪ್ಲಂಜರನ್ನು ಬಿಡಿಸಿ. ಸರಿದರೂ, ಮೊದಲ ಸಲ ಎಬ್ಬಿಸುವಾಗ, ಎಂಜಿನ್ ಮಿತಿಮೀರಿ ಓಡತೊಡಗಿದರೆ ಉಸಿರು ಕಟ್ಟಿಸಿ ನಿಲ್ಲಿಸಲು, ಗಾಳಿ ಎಳೆಯುವ ಕೊಳವೆಯ ಬಾಯಿ ಮುಚ್ಚುವಷ್ಟು ಅಗಲದ ಒಂದು ಹಲಗೆಯನ್ನು ಪಕ್ಕದಲ್ಲಿಟ್ಟುಕೊಳ್ಳಿ. ಹಲಗೆಯೇ ಆಗಬೇಕು, ಅಂಗೈ ಅಲ್ಲ.